ಬಿತ್ತುವ ಮುನ್ನ ಬೀಜಕ್ಕೆ ನೀರು
ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಧಾನ್ಯ ಬೆಳೆಗಳಲ್ಲಿ ಬೀಜೋಪಚಾರ

ಬೀಜವು ಒಮ್ಮೆ ಕೂರಿಗೆಯ ಬಾಯಿಂದ ಮಣ್ಣಿಗೆ ಇಳಿಯಿತೆಂದರೆ ಅದರ ಮೇಲೆ ಕೃಷಿಕನಿಗಿದ್ದ ಅಧಿಕಾರವು ಬಹುಮಟ್ಟಿಗೆ ಮುಗಿಯಿತೆಂದೇ ಹೇಳಬೇಕು. ಮರುದಿನ ಮಳೆ ಬರುವುದೋ, ಹದಿನೈದು ದಿನ ಬಿಸಿಲು ಕಾಯುವುದೋ ಅವನ ಕೈಯಲ್ಲಿಲ್ಲ. ಆದರೆ ಬೀಜವು ಮಣ್ಣಿಗೆ ಇಳಿಯುವುದಕ್ಕೆ ಹಿಂದಿನ ನಾಲ್ಕೈದು ದಿನಗಳು ಸಂಪೂರ್ಣವಾಗಿ ಅವನವೇ ಆಗಿವೆ. ಆ ದಿನಗಳಲ್ಲಿ ಒಂದು ಪಾತ್ರೆ ನೀರು, ಒಂದು ಬಟ್ಟೆಯ ಚೀಲ, ಸ್ವಲ್ಪ ನೆರಳು ಮತ್ತು ಎಚ್ಚರದ ಕಣ್ಣು ಇಷ್ಟಿದ್ದರೆ, ಮುಂದೆ ಬರಬಹುದಾದ ನೀರಿನ ಕೊರತೆಯನ್ನು ಎದುರಿಸಲು ಬೀಜವನ್ನು ಒಂದಿಷ್ಟು ಮಟ್ಟಿಗೆ ಅಣಿಗೊಳಿಸಬಹುದು. ಈ ಕ್ರಿಯೆಗೆ ಬೀಜವನ್ನು ಹದಗೊಳಿಸುವುದು ಅಥವಾ ಬೀಜದ ಕಠಿಣೀಕರಣ ಎಂದು ಹೆಸರು. ಇದರ ತತ್ತ್ವ, ಕ್ರಮ ಹಾಗೂ ಮಿತಿಗಳನ್ನು ವಿದ್ಯಾರ್ಥಿಗಳಿಗೂ ಕೃಷಿಕ ಬಂಧುಗಳಿಗೂ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಒಂದೇ ಜಿಲ್ಲೆ, ಎರಡು ಬಗೆಯ ಮಳೆ

ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳು ನೆರೆಹೊರೆಯವೇ ಆದರೂ ಮಳೆಯ ದೃಷ್ಟಿಯಿಂದ ಅವುಗಳ ಸ್ಥಿತಿ ಬೇರೆ ಬೇರೆ. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿರುವ ಪದ್ಧತಿಯಲ್ಲಿ ಅರಸೀಕೆರೆಯು ಚಿತ್ರದುರ್ಗ, ಕಡೂರು ಮೊದಲಾದ ಪ್ರದೇಶಗಳೊಡನೆ ಮಧ್ಯ ಒಣ ವಲಯಕ್ಕೆ ಸೇರಿದೆ. ಈ ವಲಯದ ವಾರ್ಷಿಕ ಮಳೆ ಸುಮಾರು 455ರಿಂದ 717 ಮಿಲಿಮೀಟರ್. ಬೇಲೂರು ತಾಲ್ಲೂಕು ದಕ್ಷಿಣದ ಅರೆಮಲೆನಾಡು ಎನ್ನಬಹುದಾದ ಪರಿವರ್ತನಾ ವಲಯಕ್ಕೆ ಸೇರಿದ್ದು, ಅಲ್ಲಿ ಮಳೆ ಸುಮಾರು 611ರಿಂದ 1,054 ಮಿಲಿಮೀಟರ್‌ವರೆಗೆ ಬೀಳುತ್ತದೆ.

ಬೇಲೂರು ತಾಲ್ಲೂಕಿನ ಒಳಗೂ ಈ ವ್ಯತ್ಯಾಸ ಕಾಣುತ್ತದೆ. ಪಶ್ಚಿಮದ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳು ಕಾಫಿ ತೋಟಗಳ ನಾಡು. ಪೂರ್ವಕ್ಕೆ ಹಳೇಬೀಡಿನತ್ತ ಬಂದಂತೆ ಮಳೆ ಇಳಿಮುಖವಾಗಿ, ರಾಗಿ, ಮುಸುಕಿನ ಜೋಳ, ಆಲೂಗೆಡ್ಡೆಗಳ ಹೊಲಗಳು ಕಾಣತೊಡಗುತ್ತವೆ. ಹೊಯ್ಸಳರ ರಾಜಧಾನಿಯಾಗಿದ್ದ ಈ ಊರು ತನ್ನ ದೊಡ್ಡ ಕೆರೆಯಿಂದಲೇ ದ್ವಾರಸಮುದ್ರವೆಂಬ ಹೆಸರು ಪಡೆದಿತ್ತೆಂಬುದು ಗಮನಾರ್ಹ. ಅಲ್ಲಿಂದ ಇನ್ನೂ ಮುಂದೆ ಜಾವಗಲ್, ಬಾಣಾವರ, ಕಣಕಟ್ಟೆಗಳ ಕಡೆ ಹೋದರೆ ತೆಂಗಿನ ತೋಟಗಳ ನಡುವೆ ಕೆಂಪು ಮಣ್ಣಿನ ಬೆದ್ದಲು ಹೊಲಗಳು; ಅಲ್ಲಿ ರಾಗಿಯೇ ಮುಖ್ಯ ಆಹಾರ ಬೆಳೆ, ಮಳೆಯೇ ಅದರ ಆಧಾರ.

ಒಟ್ಟು ಮಳೆ ಕಡಿಮೆಯೆಂಬುದಷ್ಟೇ ಈ ಬೆದ್ದಲು ಭೂಮಿಯ ಕಷ್ಟವಲ್ಲ. ಒಂದು ಮಳೆಗೂ ಇನ್ನೊಂದು ಮಳೆಗೂ ನಡುವಿನ ಅಂತರವೇ ಹೆಚ್ಚಿನ ಕಷ್ಟ. ಆರಿದ್ರ ಅಥವಾ ಪುನರ್ವಸು ಮಳೆಗೆ ಭೂಮಿ ಬೆದೆಗೆ ಬಂದು ರಾಗಿ ಬಿತ್ತಿದ ಮೇಲೆ, ಪುಷ್ಯದವರೆಗೆ ಹನಿ ಬೀಳದೆ ಹೋದರೆ ಮೇಲ್ಮಣ್ಣು ಒಣಗುತ್ತದೆ. ಹಗುರವಾದ ಮಳೆ ಬಿದ್ದು ಒಡನೆಯೇ ಬಿಸಿಲು ಬಂದರೆ ಕೆಂಪು ಮಣ್ಣಿನ ಮೇಲ್ಪದರವು ಹೆಪ್ಪುಗಟ್ಟಿ ಎಳೆಯ ಮೊಳಕೆಗೆ ದಾರಿ ಕೊಡುವುದಿಲ್ಲ. ಆಗ ಸಾಲಿನಲ್ಲಿ ಹುಸಿ ಬೀಳುತ್ತದೆ. ಹುಸಿ ಹೆಚ್ಚಾದರೆ ಮರುಬಿತ್ತನೆ ಮಾಡಬೇಕು. ಮರುಬಿತ್ತನೆಯೆಂದರೆ ಮತ್ತೊಮ್ಮೆ ಬೀಜ, ಮತ್ತೊಮ್ಮೆ ಎತ್ತಿನ ಆರು, ಮತ್ತೊಮ್ಮೆ ಕೂಲಿ. ಎಲ್ಲಕ್ಕಿಂತ ಮಿಗಿಲಾಗಿ, ಕಳೆದುಹೋದ ಹದಿನೈದು ದಿನಗಳು. ಆ ದಿನಗಳನ್ನು ಹಣ ಕೊಟ್ಟು ತರಲಾಗದು. ಬಿತ್ತನೆ ತಡವಾದಷ್ಟೂ ತೆನೆ ಕಟ್ಟುವ ಕಾಲವು ಹಿಂಗಾರಿನ ಕೊನೆಗೆ ಜಾರಿ, ಮನೆಯ ಕಣಜಕ್ಕೆ ಕಾಳೂ ಕೊಟ್ಟಿಗೆಗೆ ಹುಲ್ಲೂ ಒಟ್ಟಿಗೇ ಕಡಿಮೆಯಾಗುತ್ತವೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದೇ ವರ್ಷ ಮುಂಗಾರು ಕೈಕೊಟ್ಟು ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಧಾನ್ಯದ ಮಹಿಮೆಯನ್ನು ಕೊಂಡಾಡುವುದರಿಂದ ಮಾತ್ರ ಧಾನ್ಯ ಬೆಳೆಯುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹೆಚ್ಚು ಬೀಜ ಬಿತ್ತುವುದೇ ಪರಿಹಾರವೇ?

ಹುಸಿಯ ಭಯಕ್ಕೆ ಕೃಷಿಕನು ಸಾಮಾನ್ಯವಾಗಿ ಕಂಡುಕೊಂಡಿರುವ ಪರಿಹಾರವೆಂದರೆ ಒತ್ತಾಗಿ ಬಿತ್ತುವುದು. ಇದನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಸಾವಿರ ರಾಗಿ ಕಾಳುಗಳ ತೂಕ ಸುಮಾರು ಎರಡೂವರೆಯಿಂದ ಮೂರು ಗ್ರಾಂ. ಆದ್ದರಿಂದ ಒಂದು ಕಿಲೋ ಬೀಜದಲ್ಲಿ ಮೂರೂವರೆ ಲಕ್ಷದಷ್ಟು ಕಾಳುಗಳಿರುತ್ತವೆ. ಎಕರೆಗೆ 4 ಕಿಲೋ ಬಿತ್ತಿದರೆ ಸುಮಾರು 14 ಲಕ್ಷ ಕಾಳುಗಳು ಮಣ್ಣಿಗೆ ಬೀಳುತ್ತವೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರವಿಟ್ಟರೆ ಒಂದು ಎಕರೆಗೆ ಬೇಕಾದ ಪೈರು ಸುಮಾರು 1 ಲಕ್ಷ 35 ಸಾವಿರ ಮಾತ್ರ. ಎಂದರೆ ಬೇಕಾದದ್ದಕ್ಕಿಂತ ಹತ್ತು ಪಟ್ಟು ಬೀಜ ಬಿತ್ತಲಾಗುತ್ತಿದೆ. ಅದರ ಬಹುಪಾಲು ಭಯಕ್ಕೆ ತೆತ್ತ ಕಪ್ಪವೆಂದರೆ ತಪ್ಪಾಗಲಾರದು.

ಇಷ್ಟಾದರೂ ಹುಸಿ ತಪ್ಪುವುದಿಲ್ಲ. ಹದವಿದ್ದ ಕಡೆ ಪೈರು ಒತ್ತಾಗಿ ಎದ್ದು ಒಂದರ ನೀರನ್ನು ಇನ್ನೊಂದು ಕಸಿಯುತ್ತದೆ. ಹದ ಆರಿದ ಕಡೆ ಎಷ್ಟು ಬಿತ್ತಿದರೂ ಏಳುವುದಿಲ್ಲ. ಬೀಜದ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಬೀಜದ ಶಕ್ತಿಯನ್ನು ಹೆಚ್ಚಿಸುವುದು ಮೇಲೆಂಬ ವಿಚಾರ ಹುಟ್ಟುವುದು ಇಲ್ಲಿಯೇ.

ವಿಚಾರದ ಹಿನ್ನೆಲೆ

ಬೀಜಕ್ಕೆ ಸಂಸ್ಕಾರ ಕೊಟ್ಟು ಬಿತ್ತಬೇಕೆಂಬುದು ಹೊಸ ಮಾತಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಭಾಗದಲ್ಲಿ ಬೀಜವನ್ನು ಹಾಲಿನಲ್ಲಿ ಭಾವಿಸಿ ಬಿತ್ತುವ ವಿಧಾನವಿದೆ. ಕ್ರಿ.ಶ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವೂ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕವಾಗಿ ಸ್ಥಳ ಕೊಟ್ಟಿದೆ.

ಆಧುನಿಕ ಕಾಲದಲ್ಲಿ ಸೋವಿಯತ್ ಸಸ್ಯವಿಜ್ಞಾನಿ ಗೆಂಕೆಲ್ ಅವರು ಬೀಜವನ್ನು ನೆನೆಸಿ ಮತ್ತೆ ಒಣಗಿಸಿ ಬಿತ್ತಿದರೆ ಗಿಡಕ್ಕೆ ಬರವನ್ನು ತಾಳುವ ಗುಣ ಹೆಚ್ಚುವುದೆಂಬುದನ್ನು ದೀರ್ಘಕಾಲ ಅಭ್ಯಸಿಸಿದರು. 1973ರಲ್ಲಿ ಇಂಗ್ಲೆಂಡಿನ ಹೈಡೆಕರ್ ಮತ್ತು ಸಂಗಡಿಗರು ನೀರನ್ನು ನಿಯಂತ್ರಿತ ಪ್ರಮಾಣದಲ್ಲಿ ಉಣಿಸುವುದರಿಂದ ಬೀಜಗಳು ಬೇಗನೆ ಮೊಳೆಯುವುದನ್ನು ಪ್ರಕಟಿಸಿದರು. 1990ರ ದಶಕದಲ್ಲಿ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶಗಳ ಬುಡಕಟ್ಟು ಕೃಷಿಕರ ಹೊಲಗಳಲ್ಲಿಯೇ, ಅವರ ಸಹಭಾಗಿತ್ವದಿಂದ, ಹ್ಯಾರಿಸ್ ಮತ್ತು ಸಂಗಡಿಗರು ಮುಸುಕಿನ ಜೋಳ, ಭತ್ತ, ಕಡಲೆಗಳ ಬೀಜವನ್ನು ನೆನೆಸಿ ಬಿತ್ತುವ ಪ್ರಯೋಗಗಳನ್ನು ನಡೆಸಿದರು. ರಾಗಿಯ ಬೀಜವನ್ನು ಹದಗೊಳಿಸುವ ಸರಳ ಕ್ರಮವು ಸಿರಿಧಾನ್ಯ ಬೇಸಾಯದ ಶಿಫಾರಸುಗಳಲ್ಲಿಯೂ ಸೇರಿದೆ.

ಬೀಜದೊಳಗೆ ನಡೆಯುವುದೇನು?

ಒಣ ಬೀಜವು ಸತ್ತ ವಸ್ತುವಲ್ಲ. ಉಸಿರನ್ನು ಬಿಗಿಹಿಡಿದು ಮಲಗಿರುವ ಜೀವ. ಅದು ಮೊಳಕೆಯಾಗುವ ದಾರಿಯಲ್ಲಿ ಮೂರು ಹಂತಗಳಿವೆ.

ಮೊದಲನೆಯ ಹಂತದಲ್ಲಿ ಬೀಜವು ನೀರನ್ನು ವೇಗವಾಗಿ ಹೀರಿ ಉಬ್ಬುತ್ತದೆ. ಇದು ಬಹುಮಟ್ಟಿಗೆ ಭೌತಿಕ ಕ್ರಿಯೆ. ಎರಡನೆಯ ಹಂತದಲ್ಲಿ ನೀರು ಹೀರುವುದು ಬಹುತೇಕ ನಿಂತಂತೆ ತೋರುತ್ತದೆ. ಹೊರಗೆ ಯಾವ ಬದಲಾವಣೆಯೂ ಕಾಣದಿದ್ದರೂ ಒಳಗೆ ಕೆಲಸ ಭರದಿಂದ ಸಾಗಿರುತ್ತದೆ. ಸಂಗ್ರಹದ ಕಾಲದಲ್ಲಿ ಜೀವಕೋಶಗಳ ಪೊರೆಗಳಿಗೂ ವಂಶವಾಹಿ ದ್ರವ್ಯಕ್ಕೂ ಆಗಿದ್ದ ಹಾನಿಯು ದುರಸ್ತಿಯಾಗುತ್ತದೆ, ಉಸಿರಾಟ ಚುರುಕಾಗುತ್ತದೆ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಸಿದ್ಧವಾಗುತ್ತವೆ. ಮೂರನೆಯ ಹಂತದಲ್ಲಿ ಮೊಳಕೆಬೇರು ಸಿಪ್ಪೆಯನ್ನು ಸೀಳಿಕೊಂಡು ಹೊರಬರುತ್ತದೆ.

ಬೀಜವನ್ನು ಹದಗೊಳಿಸುವ ಕ್ರಿಯೆಯ ರಹಸ್ಯವೆಲ್ಲ ಎರಡನೆಯ ಮತ್ತು ಮೂರನೆಯ ಹಂತಗಳ ನಡುವಿನ ಗಡಿಯಲ್ಲಿದೆ. ಈ ಗಡಿಯನ್ನು ದಾಟುವ ಮೊದಲು ಬೀಜವನ್ನು ಒಣಗಿಸಿದರೆ ಅದು ಸಾಯುವುದಿಲ್ಲ. ಆಗಿರುವ ದುರಸ್ತಿಯೂ ಸಿದ್ಧತೆಯೂ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಅಂಥ ಬೀಜವು ಹೊಲದಲ್ಲಿ ಮತ್ತೆ ನೀರು ಕಂಡಾಗ ಎರಡನೆಯ ಹಂತದಲ್ಲಿ ಹೆಚ್ಚು ಕಾಲ ಕಳೆಯದೆ ಬೇಗನೆ ಬೇರು ಬಿಡುತ್ತದೆ. ಅಲ್ಲದೆ ಒಮ್ಮೆ ನೆನೆದು ಒಣಗಿದ ಅನುಭವದಿಂದ, ಒಣಗುವ ಕಾಲದಲ್ಲಿ ಜೀವಕೋಶಗಳನ್ನು ಕಾಪಾಡುವ ಪ್ರೋಟೀನುಗಳೂ ರಕ್ಷಕ ಕಿಣ್ವಗಳೂ ಅದರಲ್ಲಿ ಚುರುಕಾಗಿರುತ್ತವೆ. ಆದರೆ ಬೇರು ಹೊರಬಂದು ನೀಳವಾದ ಮೇಲೆ ಒಣಗಿಸಿದರೆ, ಒಣಗುವಿಕೆಯನ್ನು ತಾಳುವ ಗುಣವನ್ನು ಕಳೆದುಕೊಂಡ ಆ ಮೊಳಕೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಬೇಗ ಬೇರು ಬಿಟ್ಟರೆ ಲಾಭವೇನೆಂಬ ಪ್ರಶ್ನೆ ಏಳಬಹುದು. ಮಳೆ ನಿಂತ ಮೇಲೆ ಮಣ್ಣು ಮೇಲಿನಿಂದ ಕೆಳಕ್ಕೆ ಒಣಗುತ್ತ ಹೋಗುತ್ತದೆ. ಬೇರು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇವೆರಡರ ನಡುವಿನ ಓಟದಲ್ಲಿ ಒಂದೆರಡು ದಿನ ಮುಂದಿರುವ ಬೇರು ಕೆಳಗಿನ ಹದವನ್ನು ಮುಟ್ಟುತ್ತದೆ. ಹಿಂದುಳಿದ ಬೇರು ಒಣಮಣ್ಣಿನಲ್ಲಿಯೇ ಸಿಕ್ಕಿಬೀಳುತ್ತದೆ. ಮೇಲ್ಪದರ ಹೆಪ್ಪುಗಟ್ಟುವ ಮೊದಲೇ ಮೊಳಕೆಯು ಹೊರಬರುವುದು ಎರಡನೆಯ ಲಾಭ. ರಾಗಿಯಂಥ ಪುಟ್ಟ ಬೀಜದಲ್ಲಿ ಹೊಟ್ಟೆಯೊಳಗಿನ ಆಹಾರ ಅತ್ಯಲ್ಪವಾದುದರಿಂದ ಈ ಒಂದೆರಡು ದಿನಗಳ ಬೆಲೆ ಬಹಳ ದೊಡ್ಡದು.

ರಾಗಿ ಬೀಜವನ್ನು ಹದಗೊಳಿಸುವ ಕ್ರಮ

1. ಚೆನ್ನಾಗಿ ಬಲಿತ, ಹುಳು ಹತ್ತದ, ಹಿಂದಿನ ಸುಗ್ಗಿಯ ಬೀಜವನ್ನು ಆರಿಸಿಕೊಂಡು ತೂರಿ ಜೊಳ್ಳನ್ನು ತೆಗೆಯಬೇಕು. ಪ್ರಮಾಣಿತ ರಾಗಿ ಬೀಜದಲ್ಲಿ ಮೊಳೆಯುವ ಶಕ್ತಿ ಶೇಕಡ 75ಕ್ಕೆ ಕಡಿಮೆಯಿರಬಾರದೆಂಬ ನಿಯಮವಿದೆ. ಮನೆಯ ಬೀಜವಾದರೆ ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಲೇಸು.

2. ಒಂದು ಕಿಲೋ ಬೀಜಕ್ಕೆ ಒಂದು ಲೀಟರ್‌ನಂತೆ ಶುದ್ಧವಾದ ನೀರಿನಲ್ಲಿ ಆರು ಗಂಟೆಗಳ ಕಾಲ ನೆನೆಸಬೇಕು. ಒಂದು ಎಕರೆಯ ಬೀಜಕ್ಕೆ 4 ಲೀಟರ್ ನೀರು ಸಾಕು.

3. ನೀರನ್ನು ಪೂರ್ತಿಯಾಗಿ ಬಸಿದು, ಬೀಜವನ್ನು ಒದ್ದೆ ಬಟ್ಟೆಯ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ನೆರಳಿನಲ್ಲಿಡಬೇಕು.

4. ಮೊಳಕೆಯ ಮೊದಲ ಚಿಹ್ನೆ ಕಂಡೊಡನೆ, ಎಂದರೆ ಕೆಲವು ಕಾಳುಗಳಲ್ಲಿ ಬಿಳಿಯ ಚುಕ್ಕೆ ಇಣುಕಿದೊಡನೆ, ಚೀಲವನ್ನು ಬಿಚ್ಚಬೇಕು.

5. ಬೀಜವನ್ನು ಒಣಬಟ್ಟೆಯ ಮೇಲೆ ತೆಳುವಾಗಿ ಹರಡಿ ಎರಡು ದಿನ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿನಲ್ಲಿ ಒಣಗಿಸಬಾರದು.

ಈ ಐದರಲ್ಲಿ ನಾಲ್ಕನೆಯದೇ ಪ್ರಾಣಸ್ವರೂಪವಾದುದು. ಎರಡು ದಿನವೆಂಬುದು ಅಂದಾಜು ಮಾತ್ರ. ಸೆಕೆಯ ದಿನಗಳಲ್ಲಿ ಮೊಳಕೆ ಬೇಗನೆ ಬರುತ್ತದೆ. ತಂಪಿನ ದಿನಗಳಲ್ಲಿ ತಡವಾಗುತ್ತದೆ. ಆದುದರಿಂದ ಗಡಿಯಾರವನ್ನಲ್ಲ, ಬೀಜವನ್ನು ನೋಡಬೇಕು. ಎರಡನೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚೀಲವನ್ನು ಬಿಚ್ಚಿ ನೋಡುವ ತಾಳ್ಮೆಯಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಇನ್ನೊಂದು ಸೂಚನೆಯನ್ನೂ ನೆನಪಿಡಬೇಕು. ಮಳೆ ಬಿದ್ದ ಮೇಲೆ ಬೀಜ ನೆನೆಸತೊಡಗಿದರೆ ಬೆದೆ ಆರಿಹೋಗುತ್ತದೆ. ಆದ್ದರಿಂದ ಬಿತ್ತನೆಯ ಮಳೆ ಸಮೀಪಿಸುವ ಮುನ್ನವೇ ಬೀಜವನ್ನು ಸಿದ್ಧಗೊಳಿಸಬೇಕು. ಚೆನ್ನಾಗಿ ಒಣಗಿದ ಬೀಜವು ಕೆಲವು ದಿನ ಕಾಯಬಲ್ಲದು. ಆದರೆ ಹದಗೊಳಿಸಿದ ಬೀಜದ ಆಯುಷ್ಯ ಸಾಮಾನ್ಯ ಬೀಜಕ್ಕಿಂತ ಕಡಿಮೆಯಾದುದರಿಂದ ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಾಗದು.

ಬೆಂಕಿರೋಗದಂಥ ರೋಗಗಳ ತಡೆಗೆ ಶಿಲೀಂಧ್ರನಾಶಕವನ್ನೂ, ಸಾರಜನಕ ಒದಗಿಸುವ ಅಜೋಸ್ಪಿರಿಲಮ್‌ನಂಥ ಜೀವಾಣು ಗೊಬ್ಬರವನ್ನೂ ಬೀಜಕ್ಕೆ ಲೇಪಿಸುವುದಾದರೆ, ಅವೆರಡೂ ಒಣಗಿಸಿದ ನಂತರದ ಕೆಲಸಗಳು. ಮೊದಲು ಶಿಲೀಂಧ್ರನಾಶಕ, ಜೀವಾಣು ಗೊಬ್ಬರ ಕಟ್ಟಕಡೆಗೆ, ಬಿತ್ತುವುದಕ್ಕೆ ತುಸು ಮುಂಚೆ. ಎರಡೂ ಒಂದಕ್ಕೊಂದು ಹೊಂದುವುವೇ, ಪ್ರಮಾಣವೆಷ್ಟು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಾಗಲಿ ಹಾಸನದ ಬಳಿಯ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಿ ತಿಳಿಯಬಹುದು.

ಇತರ ಧಾನ್ಯಗಳ ವಿಷಯ

ಬೇಲೂರು ಕಡೆಯ ಗದ್ದೆಗಳಲ್ಲಿ ಭತ್ತದ ಬೀಜವನ್ನು ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಮೊಳಕೆ ಬರಿಸಿ ಒಟ್ಟಲಿಗೆ ಚೆಲ್ಲುವ ರೂಢಿ ಇದೆ. ಮೇಲ್ನೋಟಕ್ಕೆ ಇದೂ ರಾಗಿಯ ಕ್ರಮವೂ ಒಂದೇ ಎಂದು ತೋರಿದರೂ ಎರಡರ ಕೊನೆಯು ಬೇರೆ. ಒಟ್ಟಲಿನಲ್ಲಿ ನೀರು ನಿಶ್ಚಿತವಾಗಿರುವುದರಿಂದ ಅಲ್ಲಿ ಮೊಳಕೆಯನ್ನು ತಡೆಯುವ ಅಗತ್ಯವಿಲ್ಲ. ಅರಸೀಕೆರೆಯ ಬೆದ್ದಲಿನಲ್ಲಿ ನೀರು ಅನಿಶ್ಚಿತವಾದುದರಿಂದ ಮೊಳಕೆಯನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ ಒಣಗಿಸಲಾಗುತ್ತದೆ. ಭತ್ತದಲ್ಲಿ ಜೊಳ್ಳು ಬೇರ್ಪಡಿಸಲು ಉಪ್ಪುನೀರನ್ನು ಬಳಸುವುದುಂಟು. ಕೋಳಿಮೊಟ್ಟೆಯು ತೇಲಿ ನಾಣ್ಯದಗಲ ಮೇಲೆ ಕಾಣುವಷ್ಟು ಉಪ್ಪು ಕರಗಿಸಿ ಬೀಜ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ಮುಳುಗುತ್ತದೆ. ಮುಳುಗಿದ ಬೀಜವನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಬಿಳಿ ಜೋಳಕ್ಕೆ ಬರಿಯ ನೀರಿನ ಬದಲು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಎಂಬ ಲವಣದ ಶೇಕಡ 2ರ ದ್ರಾವಣದಲ್ಲಿ, ಎಂದರೆ ಲೀಟರಿಗೆ 20 ಗ್ರಾಂನಂತೆ ಕರಗಿಸಿದ ನೀರಿನಲ್ಲಿ, ಆರು ಗಂಟೆ ನೆನೆಸಿ ಒಣಗಿಸುವ ಶಿಫಾರಸು ಇದೆ.

ಹಳೇಬೀಡು ಸುತ್ತಮುತ್ತ ಹಬ್ಬಿರುವ ಮುಸುಕಿನ ಜೋಳದ ಮಾತು ಬೇರೆ. ಮನೆಯ ಬೀಜವಾದರೆ ರಾತ್ರಿ ನೆನೆಸಿ, ಬೆಳಿಗ್ಗೆ ಮೇಲ್ನೀರು ಆರಿಸಿ, ಅಂದೇ ಹದವಾದ ಭೂಮಿಗೆ ಬಿತ್ತಬಹುದು. ಆದರೆ ಅಂಗಡಿಯಿಂದ ತರುವ ಸಂಕರಣ ಬೀಜಕ್ಕೆ ಸಾಮಾನ್ಯವಾಗಿ ಬಣ್ಣ ಬೆರೆಸಿದ ಔಷಧಿಯನ್ನು ಮೊದಲೇ ಲೇಪಿಸಿರುತ್ತಾರೆ. ಅದನ್ನು ನೆನೆಸಿದರೆ ಔಷಧಿ ತೊಳೆದುಹೋಗುವುದಲ್ಲದೆ ಆ ನೀರು ವಿಷವಾಗುತ್ತದೆ. ಹಟ್ಟಿಯ ಕೋಳಿ, ಕರುಗಳಿಗೆ ಅಪಾಯ. ಬಣ್ಣ ಲೇಪಿಸಿದ ಬೀಜವನ್ನು ಎಂದೂ ನೆನೆಸಬಾರದು. ಅಕ್ಕಡಿ ಸಾಲಿನ ಅವರೆ, ತೊಗರಿಗಳಿಗೂ ರಾಗಿಯ ಈ ಕ್ರಮ ಅನ್ವಯಿಸದು.

ಶಾಲೆಯಲ್ಲಿ ಮಾಡಬಹುದಾದ ಪರೀಕ್ಷೆ

ವಿದ್ಯಾರ್ಥಿಗಳು ಕೆಂಪು ಮಣ್ಣು ತುಂಬಿದ ಮೂರು ಅಗಲವಾದ ಕುಂಡಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಮೊದಲನೆಯದಕ್ಕೆ ಒಣ ರಾಗಿಯ ನೂರು ಕಾಳು. ಎರಡನೆಯದಕ್ಕೆ ಮೇಲೆ ಹೇಳಿದಂತೆ ಹದಗೊಳಿಸಿದ ನೂರು ಕಾಳು. ಮೂರನೆಯದಕ್ಕೆ ಬೇರು ಕಾಳಿಗಿಂತ ಉದ್ದವಾಗುವವರೆಗೆ ಬಿಟ್ಟು ಅನಂತರ ಒಣಗಿಸಿದ ನೂರು ಕಾಳು. ಒಂದೇ ದಿನ, ಎರಡು ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಒಂದೇ ಅಳತೆಯ ನೀರನ್ನು ಒಮ್ಮೆ ಮಾತ್ರ ಕೊಡಬೇಕು. ಪ್ರತಿದಿನವೂ ಎದ್ದ ಪೈರುಗಳನ್ನು ಎಣಿಸಿ ಬರೆದಿಡಬೇಕು. ಎರಡನೆಯ ಕುಂಡದಲ್ಲಿ ಪೈರು ಮೊದಲು ಏಳುವುದನ್ನೂ, ಮೂರನೆಯದು ಬಹುತೇಕ ಬರಿದಾಗಿ ಉಳಿಯುವುದನ್ನೂ ನಿರೀಕ್ಷಿಸಬಹುದು. ಒಂದು ಸಲದ ಎಣಿಕೆಯನ್ನು ನಂಬದೆ ನಾಲ್ಕು ಸಲ ಮಾಡಿ ಸರಾಸರಿ ತೆಗೆಯುವುದು ಶಾಸ್ತ್ರೀಯ ಕ್ರಮ. ಬೀಜ ಪರೀಕ್ಷಾಲಯಗಳಲ್ಲಿಯೂ ನೂರರಂತೆ ನಾಲ್ಕು ಸಲ, ಒಟ್ಟು ನಾನೂರು ಬೀಜಗಳನ್ನು ಪರೀಕ್ಷಿಸುತ್ತಾರೆ.

ಮಿತಿಗಳು

ಈ ಕ್ರಿಯೆಯನ್ನು ಪವಾಡವೆಂದು ಬಗೆಯಬಾರದು. ಅದು ಹುಟ್ಟಿನ ಕಾಲದ ಕಷ್ಟಕ್ಕೆ ಮದ್ದು. ಹೂ ಬಿಡುವ, ಕಾಳು ಕಟ್ಟುವ ಕಾಲಕ್ಕೆ ಮಳೆ ಕೈಕೊಟ್ಟರೆ ಬೀಜಕ್ಕೆ ಕೊಟ್ಟ ಸಂಸ್ಕಾರವೊಂದೇ ಬೆಳೆಯನ್ನು ಕಾಯಲಾರದು. ಬಿತ್ತಿದ ಮೇಲೆ ಮೊಳೆಯುವಷ್ಟು ಹದವೂ ಇಲ್ಲದಿದ್ದರೆ ಹದಗೊಳಿಸಿದ ಬೀಜವೂ ಏಳದು. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಒಣ ಬೀಜಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣದೆಯೂ ಹೋಗಬಹುದು. ಮಳೆಗೂ ಮಣ್ಣಿಗೂ ತಕ್ಕ ತಳಿಯ ಆಯ್ಕೆ, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಕೊಟ್ಟಿಗೆ ಗೊಬ್ಬರ, ಅಕ್ಕಡಿ ಸಾಲು ಇವುಗಳೊಡನೆ ಸೇರಿದಾಗಲೇ ಬೀಜೋಪಚಾರಕ್ಕೆ ಪೂರ್ಣ ಬೆಲೆ. ಮೊದಲ ವರ್ಷ ಹೊಲವನ್ನೆಲ್ಲ ಇದಕ್ಕೆ ಒಪ್ಪಿಸದೆ, ನಾಲ್ಕು ಸಾಲು ಹದಗೊಳಿಸಿದ ಬೀಜ, ಪಕ್ಕದಲ್ಲಿ ನಾಲ್ಕು ಸಾಲು ಒಣ ಬೀಜ ಬಿತ್ತಿ ಹೋಲಿಸಿ ನೋಡುವುದು ವಿವೇಕದ ದಾರಿ.

ಉಪಸಂಹಾರ

ಕೊಳವೆಬಾವಿ ತೋಡಿಸಲು ಲಕ್ಷಗಳು ಬೇಕು. ತೋಡಿಸಿದರೂ ನೀರು ಬರುವ ಭರವಸೆಯಿಲ್ಲ. ಬೀಜವನ್ನು ಹದಗೊಳಿಸಲು ಎಕರೆಗೆ ನಾಲ್ಕು ಲೀಟರ್ ನೀರು ಸಾಕು. ತುಂಡು ಭೂಮಿಯುಳ್ಳ ಬಡ ಕೃಷಿಕನಿಗೂ ನಿಲುಕುವ ವಿದ್ಯೆ ಇದು. ಬೀಜದ ರಾಗಿಯನ್ನು ಆರಿಸಿ, ಹಸನುಮಾಡಿ, ಜೋಪಾನವಾಗಿ ಕಾಯುವ ಕೆಲಸವನ್ನು ತಲೆತಲಾಂತರದಿಂದ ಮನೆಯ ಹೆಣ್ಣುಮಕ್ಕಳು ನಿರ್ವಹಿಸಿಕೊಂಡು ಬಂದಿದ್ದಾರೆ. ಚೀಲ ಬಿಚ್ಚಿ ಬಿಳಿಯ ಚುಕ್ಕೆಯನ್ನು ಗುರುತಿಸುವ ಕಣ್ಣು ಅವರಲ್ಲಿ ಸಹಜವಾಗಿಯೇ ಇದೆ. ಶಾಲೆಯಲ್ಲಿ ಕಲಿತ ಮಕ್ಕಳು ಈ ತತ್ತ್ವವನ್ನು ಮನೆಗೆ ಕೊಂಡೊಯ್ದು ತಾಯಂದಿರ ಆ ಕಣ್ಣಿನೊಡನೆ ಸೇರಿಸಿದರೆ, ಪುನರ್ವಸು ಮಳೆ ಕೊಟ್ಟ ಹದವು ಪುಷ್ಯದವರೆಗೆ ಸಾಲದೆ ಹೋದ ವರ್ಷದಲ್ಲಿಯೂ ಹೊಲದ ಸಾಲುಗಳು ಪೂರ್ತಿಯಾಗಿ ಬರಿದಾಗಲಾರವು.